ಎಫ್ ಫೈವ್ ಒತ್ತಿದ ಕೈ

ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಕೊನೆಗೆ ಕರಗುತ್ತಾಳೆ ಎಂದು ಯಾರೂ ಕಾಯಬೇಡಿ.

ಮಹಾರಾಷ್ಟ್ರದ ಉಮರ್ಗಾದಲ್ಲಿ ಹೈವೇ ಬದಿಯ ಒಂದು ಸೋಯಾಬೀನ್ ಖರೀದಿ ಆಫೀಸಿನಲ್ಲಿ ಕಂಪ್ಯೂಟರ್ ನನ್ನ ಪಾಲಿನದು. ಬೀದರ್ ಕಡೆಯಿಂದ ಹತ್ತಿರದ ಸಾಸ್ತೂರಕ್ಕೆ ಸೊಸೆಯಾಗಿ ಬಂದವಳು ನಾನು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ಪಕ್ಕದ ನಿಲಂಗಾ ತಾಲೂಕಿನ ರೈತರ ಹೆಸರೂ ನಮ್ಮಲ್ಲೇ ಡೇಟಾಬೇಸಿಗೆ ಏರುತ್ತಿತ್ತು. ಯಾರ ಹೆಸರು ಮೊದಲು ಏರಿತೋ ಅವರ ಮಾಲು ಮೊದಲು.

ದಿನಾ ಬೇಕಾಗುವ ಕ್ವೆರಿಗಳೆಲ್ಲ, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಗಳು, ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಇದ್ದವು. ಬೇಕಾದ ಸಾಲಿನ ಮೇಲೆ ಕರ್ಸರ್ ಇಟ್ಟು, ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ ಅದೊಂದೇ ಓಡುತ್ತದೆ. ಎಫ್ ಫೈವ್ ಒತ್ತಿದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲವೂ ಓಡುತ್ತವೆ. ತೀರಾ ಕೆಳಗೆ, ಹಂಗಾಮು ಮುಗಿದ ಮೇಲೆ ನಿಲಂಗಾದ ಹೆಸರುಗಳನ್ನು ಅಳಿಸುವ ಸಾಲಿತ್ತು. ಉದಗೀರದ ಮಾಲಕರ ಆಫೀಸಿನಿಂದ ಫೈಲು ಹಾಗೆಯೇ ಬಂದಿತ್ತು.

ನಮ್ಮ ಹಿರಿಯ ಕ್ಲಾರ್ಕನಿಗೆ ಒಂದು ಚಟ. ಯಾವ ಕಂಪ್ಯೂಟರ್ ಮುಂದೆ ಕೂತರೂ ಮೊದಲು ಎಫ್ ಫೈವ್ ಟಕಟಕ ಒತ್ತಬೇಕು. ರಿಫ್ರೆಶ್ ಅಂತೆ! “ಮಶೀನ್ ಜರಾ ಉಸಿರಾಡ್ತದ, ಬಾಯಿ,” ಎನ್ನುತ್ತಿದ್ದ; ಅಲ್ಲಿ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಆ ಚಟ ನಮ್ಮ ಕಡೆ ಎಷ್ಟೋ ಆಫೀಸುಗಳಲ್ಲಿದೆ, ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಹಂಗಾಮಿನ ನಟ್ಟನಡುವೆ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಲು ಹಿಂದಿನ ಕೋಣೆಗೆ ಹೋಗಿದ್ದೆ. ಬಂದು ನೋಡುತ್ತೇನೆ, ನನ್ನ ಖುರ್ಚಿಯಿಂದ ಅವನು ಏಳುತ್ತಿದ್ದಾನೆ, ನಿಲಂಗಾದ ಒಂದು ಹೆಸರೂ ಉಳಿದಿಲ್ಲ. ಪರದೆಯ ಕೆಳಭಾಗದಲ್ಲಿ ಎಲ್ಲ ಕ್ವೆರಿಗಳೂ ಓಡಿದ ಗುರುತು ಸಾಲಾಗಿ ಕೂತಿತ್ತು. ಆಫೀಸು ನೋಡಿಕೊಳ್ಳುವ ಸಾಹೇಬರು ಬಂದರು. “ಲಾಗಿನ್ ಯಾರ್ದು?” ಎಂದರು. ನನ್ನದೇ.

“ಇವರು ಕೂತಿದ್ರು ಸಾಹೇಬ್ರ, ಕೇಳ್ರಿ,” ಎಂದೆ.

“ಅರೇ ಬಾಯಿ! ನಾ ಆ ಖುರ್ಚಿ ಮುಟ್ಟೇ ಇಲ್ರೀ,” ಎಂದ ಅವನು. ಕಣ್ಣು ಸಹ ಮಿಟುಕಿಸಲಿಲ್ಲ.

ನನ್ನನ್ನು ಗೇಟಿನ ತಗಡಿನ ಶೆಡ್ಡಿಗೆ ಹಾಕಿದರು, ಒಳಬರುವ ಗಾಡಿಗಳ ಚೀಟಿ ಬರೆಯಲು. ಪಾಳಿ ಕಳೆದುಕೊಂಡ ನಿಲಂಗಾದವರು ಟ್ರ್ಯಾಕ್ಟರ್ ಮೇಲಿಂದಲೇ ನನ್ನನ್ನು ಬೈದರು. ಬಸ್ಸಿನಲ್ಲಿ ಒಬ್ಬ ನನ್ನ ಗಂಡನಿಗೇ ಕೇಳಿದ: “ಹೆಸರು ಅಳಿಸಿದಾಕಿ ನಿಮ್ಮ ಮನಿಯಾಕೀನೇ ಏನ್ರೀ?” ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಖುರ್ಚಿ ಹೋದದ್ದು ಹೋಗಲಿ, ನನ್ನ ಹೆಸರು ನನಗೆ ವಾಪಸ್ ಬೇಕಿತ್ತು.

ನನ್ನ ಖುರ್ಚಿಯಲ್ಲಿ ಈಗ ಅವನು. ಕ್ವೆರಿ ಬರೆಯಲು ಬರಬೇಕಲ್ಲ? ಬೇಕಾದಾಗೆಲ್ಲ ಶೆಡ್ಡಿನಿಂದ ನನ್ನನ್ನೇ ಕರೆಸುತ್ತಿದ್ದ, ಬರೆಸಿಕೊಂಡು ಮತ್ತೆ ಅಟ್ಟುತ್ತಿದ್ದ. ನಾನು ಹಲ್ಲು ಕಚ್ಚಿ ಬರೆದುಕೊಟ್ಟೆ. ಉದಗೀರದ ಮಾಲಕರು ಪಟ್ಟಿ ನೋಡಲು ಬರುತ್ತಾರೆ ಎಂದು ಗೊತ್ತಾದ ದಿನ ಫೈಲಿನ ಕೊನೆಯ ಆ ಅಳಿಸುವ ಸಾಲನ್ನು ಕಿತ್ತೆಸೆದೆ. ಅದರ ಜಾಗದಲ್ಲಿ ಪರದೆಯ ಮೇಲೆ ಒಂದು ವಾಕ್ಯ ತೋರಿಸುವ ಕ್ವೆರಿ ಬರೆದೆ, ಮಾಲಕರಿಗೆ ತಿಳಿಯಲೆಂದು ಮರಾಠಿಯಲ್ಲಿ. ಬರೆದು ಮುಗಿಸಿ ಅವನಿಗೆ ಹೇಳಿದೆ: “ಅಣ್ಣಾರ, ಕಂಟ್ರೋಲ್ ಎಂಟರ್ ಒತ್ರಿ. ಎಫ್ ಫೈವ್ ಮುಟ್ಟಬ್ಯಾಡ್ರಿ.”

“ನನಗ ಕಲಿಸ್ತಿ ಏನು? ನಡಿ ಗೇಟಿಗೆ!”

ಹೀಗೇ ಅನ್ನುತ್ತಾನೆಂದು ಗೊತ್ತಿತ್ತು. ಗೊತ್ತಿದ್ದೇ ಅಷ್ಟು ಸವಿಯಾಗಿ ಹೇಳಿದ್ದೆ.

ಮಾಲಕರು ಬಂದರು. ಕಂಪ್ಯೂಟರಿನದೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ಮಾಡಿದ್ದರು. ನಾನು ಚೀಟಿ ಕಟ್ಟು ಕೊಡುವ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದೆ. ಅವನು ಅಂಗಿ ಸರಿಮಾಡಿಕೊಂಡು ಕೂತ, ಕೂತವನೇ ಟಕಟಕ. ಗೋಡೆಯ ಮೇಲೆ ಸಾಲುಗಳು ದಬದಬ ಸುರಿದವು, ಎಲ್ಲಕ್ಕಿಂತ ಕೆಳಗೆ ನನ್ನ ವಾಕ್ಯ ಬಂದು ನಿಂತಿತು: ಈಗ ಎಫ್ ಫೈವ್ ಒತ್ತಿದಿರಿ, ಇಲ್ಲಿ ಮೊದಲು ಅಳಿಸುವ ಸಾಲಿತ್ತು, ನಿಲಂಗಾದ ಹೆಸರುಗಳು ಹೋದದ್ದು ಹೀಗೆ.

“ಹೇ ಕಾಯ್ ಆಹೇ?” ಎಂದರು ಮಾಲಕರು, ಇದೇನಿದು ಎಂದು.

ಅವನ ಮುಖ ಸುಟ್ಟ ಬದನೆಕಾಯಿಯಾಯಿತು. “ನಾ ಏನೂ ಮಾಡಿಲ್ರೀ! ಬರೇ ರಿಫ್ರೆಶ್ ಮಾಡೀನಿ. ಆವತ್ತೂ ಅಷ್ಟ ಮಾಡಿದ್ದೆ!”

“ಆವತ್ತ?” ಎಂದರು ಸಾಹೇಬರು. “ಆವತ್ತ ನೀ ಖುರ್ಚಿ ಮುಟ್ಟಿದ್ದೇ ಇಲ್ಲಲ್ಲೋ?”

ಅಬ್ಬಾ, ನನ್ನ ಹೊಟ್ಟೆ ತಣ್ಣಗಾಯಿತು! ಅಳಿಸುವ ಸಾಲು ನಾನು ಕಿತ್ತಿದ್ದರಿಂದ ಒಂದು ಹೆಸರಿಗೂ ಧಕ್ಕೆಯಾಗಲಿಲ್ಲ. ಸಾಹೇಬರು ಎಲ್ಲರೆದುರು ನನ್ನನ್ನು ಒಳಗೆ ಕರೆದು ಖುರ್ಚಿಗೆ ಕೂರಿಸಿದರು. ತಪ್ಪು ಯಾರದೆಂದು ನಿಲಂಗಾಕ್ಕೂ ಫೋನ್ ಮಾಡಿ ತಿಳಿಸಿದರು.

ಸಂಜೆ ಅವನು ನನ್ನ ಟೇಬಲ್ ಹತ್ತಿರ ಬಂದು ನಿಂತ.

“ಅಕ್ಕಾ, ನೌಕ್ರಿ ತೆಗೀತಾರಂತ. ಬೇಕಂತ ಮಾಡಿಲ್ಲ ಅಂತ ನೀವ ಒಂದ ಮಾತು ಹೇಳ್ರಿ. ನೀವ ಹೇಳಿದ್ರ ಸಾಹೇಬ್ರು ಕೇಳ್ತಾರ.”

ಅಲ್ಲಿಯವರೆಗೆ ಬಾಯಿ ಎನ್ನುತ್ತಿದ್ದವನಿಗೆ ಆವತ್ತು ನಾನು ಅಕ್ಕನಾದೆ. ಅವನು ಹೇಳಿದ್ದು ಸುಳ್ಳೇನಲ್ಲ, ಬೇಕೆಂದು ಅಳಿಸಿರಲಿಲ್ಲ. ಆದರೆ ನನ್ನನ್ನು ಗೇಟಿಗೆ ಹಾಕಿಸಿದ್ದು ಬೇಕೆಂದೇ.

ಸ್ವಲ್ಪ ಹೊತ್ತಿಗೆ ಸಾಹೇಬರು ಬಂದು ನನ್ನನ್ನೇ ಕೇಳಿದರು: “ಏನಂತಿ ಬಾಯಿ, ಇವ್ನ ಇಟ್ಕೊಳ್ಳೋದಾ?”

ಅವನು ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. “ಇವರ ಪರ ನನ್ನ ಕಡಿಂದ ಒಂದ ಮಾತೂ ಇಲ್ಲ ಸಾಹೇಬ್ರ,” ಎಂದೆ, ಟೈಪ್ ಮಾಡುವುದನ್ನು ನಿಲ್ಲಿಸದೆ.