ಅಚ್ಚಿಲ್ಲದ ಹೆಬ್ಬೆಟ್ಟು

ಕಳೆದ ಭಾನುವಾರ ಮಗಳು ನಡುಮನೆಯಲ್ಲಿ ಹಳೆಯ ಪೇಪರು ಹಾಸಿ, ತನ್ನ ನೈಲ್ ಪಾಲಿಶ್ ಸೀಸೆಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಗೆಳತಿಯ ಅಕ್ಕನ ಮದುವೆಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ಸಂಶೋಧನೆ. ಒಂದನ್ನು ಹೆಬ್ಬೆಟ್ಟಿಗೆ ಹಚ್ಚುವುದು, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಮೂತಿ ತಿರುವಿ ರಿಮೂವರಿನಿಂದ ಒರೆಸುವುದು, ಇನ್ನೊಂದನ್ನು ಹಚ್ಚುವುದು. ಬಂಗಾರಪೇಟೆಯ ನಮ್ಮ ಮನೆ ಮೊದಲೇ ಇಕ್ಕಟ್ಟು. ಆ ಘಾಟು ಒಲೆಯ ಮೇಲಿನ ಸಾರಿನವರೆಗೂ ಬಂದಿತ್ತು. ಬೈಯಲೆಂದು ಸೌಟು ಹಿಡಿದೇ ಹೊರಗೆ ಬಂದೆ. ಅವಳ ಉಳಿದ ಬೆರಳುಗಳೆಲ್ಲ ಬೋಳು, ಹೆಬ್ಬೆಟ್ಟು ಮಾತ್ರ ಕೆಂಪು. ಬೈಯುವುದು ಮರೆತೇಹೋಯಿತು...

ಹಾಗೆ ಹೆಬ್ಬೆಟ್ಟಿಗೆ ಮಾತ್ರ ಕೆಂಪು ಹಚ್ಚಿಕೊಂಡು ಕೆಲಸ ಕೇಳಲು ಹೋದವಳೊಬ್ಬಳಿದ್ದಳು. ಹಚ್ಚಿ ಕಳಿಸಿದವಳು ನಾನೇ.

ಆಗ ನಾವು ಉರಿಗಾಂನಲ್ಲಿದ್ದೆವು. ಅಪ್ಪ ದಾವಣಗೆರೆ ಕಡೆಯವರು, ಕಾರ್ಖಾನೆಯ ಕೆಲಸಕ್ಕೆಂದು ಕೆಜಿಎಫ್‌ಗೆ ಬಂದವರು. ಪಿಯುಸಿಯಲ್ಲಿ ಲೆಕ್ಕ ನನ್ನ ಕೈಬಿಟ್ಟಿತ್ತು. ನಾನೂ ಅದರ ಕೈಬಿಟ್ಟು, ರಾಬರ್ಟ್‌ಸನ್‌ಪೇಟೆಯ ಒಂದು ಮಹಡಿಯ ಮೇಲೆ ಬ್ಯೂಟಿಷಿಯನ್ ಕೋರ್ಸಿಗೆ ಸೇರಿಕೊಂಡಿದ್ದೆ. ಅಲ್ಲಿ ಕಲಿತದ್ದನ್ನೆಲ್ಲ ಮನೆಗೆ ಬಂದು ನನ್ನ ಮೇಲೇ ಪ್ರಯೋಗ ಮಾಡಿಕೊಳ್ಳುತ್ತಿದ್ದೆ. ಮುಖಕ್ಕೆ ಕಡಲೆಹಿಟ್ಟು, ಮೊಸರು, ಜೇನು, ಮತ್ತೆ ಸೀಸೆಯಿಂದ ಬಂದದ್ದು, ಟ್ಯೂಬಿನಿಂದ ಬಂದದ್ದು. "ನಿನ್ನ ಮುಖಕ್ಕೆ ಬಡಿದ ಕಡ್ಲೆಹಿಟ್ಟಲ್ಲಿ ಇಡೀ ಓಣಿಗೆ ಮಿರ್ಚಿ ಕರೀಬಹುದಿತ್ತು ಕಣೇ," ಎಂದು ಅಮ್ಮ ದಿನವೂ ಗೊಣಗುವಳು. ಪ್ರಯೋಗಕ್ಕೆ ಅಮ್ಮನ ಮುಖ ಸಿಗುತ್ತಿರಲಿಲ್ಲ, ಅಪ್ಪನ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಕೂತು ನೋಡಲಾದರೂ ಸಿಗುತ್ತಿದ್ದವಳು ಹಿಂದಿನ ಮನೆ ಅಕ್ಕ ಒಬ್ಬಳೇ.

ಹಿಂದಿನ ಮನೆ ಎಂದರೆ ನಮ್ಮ ಹಿತ್ತಲಿಗೆ ಅಂಟಿಕೊಂಡಿದ್ದ ಶೀಟಿನ ಒಂದು ಕೋಣೆ. ಅಕ್ಕ ಕ್ಯಾಸಂಬಳ್ಳಿ ಕಡೆಯವಳು, ಒಂಟಿ ಹೆಂಗಸು, ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಗಂಡನ ವಿಷಯ ಅವಳು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಸಂಜೆ ಕೈಕಾಲು ತೊಳೆದು ನಮ್ಮ ಹಿಂಬಾಗಿಲ ಮೆಟ್ಟಿಲಿನ ಮೇಲೆ ಕೂತು ನನ್ನ ಬಣ್ಣಗಳ ಆಟ ನೋಡುವಳು. "ಇದೇನ್ ಪಾಪಾ, ಗೋಡೆಗ್ ಸುಣ್ಣ ಬಳ್ದಂಗೆ ಬಳ್ಕಂತೀಯ!" ಎಂದು ನಗುವಳು. ನಗುವಾಗಲೂ ಅಂಗೈಗಳನ್ನು ಮೇಲುಮುಖ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಸೀರೆ ತಗುಲಿದರೂ ಉರಿಯುತ್ತಿತ್ತಂತೆ. ಸಿಮೆಂಟು ಅವಳ ಕೈಗಳನ್ನು ತಿಂದುಹಾಕಿತ್ತು. ಬೆರಳ ಸಂದುಗಳಲ್ಲಿ ಬಿರುಕು, ಬಿರುಕಿನಲ್ಲಿ ರಕ್ತ. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆಂದು ಮುದ್ದೆಯನ್ನು ಬರೀ ಮಜ್ಜಿಗೆಯಲ್ಲಿ ಉಣ್ಣುತ್ತಿದ್ದಳು. ಕೋಲಾರದ ಸೀಮೆಯವಳಿಗೆ ಸಾರಿಲ್ಲದ ಮುದ್ದೆ ಎಂದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಸಿಮೆಂಟು ಬಿಡದೆ ಈ ಕೈ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಯೂ ಆಗಿತ್ತು.

ಅಪ್ಪನಿಗೆ ಅದನ್ನು ನೋಡಿ ನೋಡಿ ಮನಸ್ಸು ಕರಗಿತು. ಅವರ ಕಾರ್ಖಾನೆಯಲ್ಲಿ ಆಫೀಸು ಗುಡಿಸಿ ಮೇಜು ಒರೆಸಲು ಕಂಟ್ರಾಕ್ಟರು ಒಬ್ಬ ಹೆಂಗಸನ್ನು ಹುಡುಕುತ್ತಿದ್ದ. ನೆರಳಿನ ಕೆಲಸ, ತಿಂಗಳ ಸಂಬಳ. ಅಪ್ಪ ಮಾತಾಡಿ ಒಪ್ಪಿಸಿ ಬಂದರು. ಅಕ್ಕ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಹೊರಟಳು. ಮಧ್ಯಾಹ್ನಕ್ಕೆಲ್ಲ ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ಬಂದಳು.

"ತಗಳಲ್ಲ ಅಂದ್ರು ಪಾಪಾ. ಗೇಟ್‌ತಾವ ಒಂದ್ ಡಬ್ಬಿ ಐತೆ. ಎಬ್ಬೆಟ್ಟು ಮಡುಗು ಅಂದ ಆ ಬರ್ಕೊಳೋ ಸಾರು. ಮಡುಗ್ದೆ. ಕೆಂಪ್ಗೆ ಬೆಳಕು ಬಂತು. ಎಬ್ಬೆಟ್ಗೆ ಅಚ್ಚಿಲ್ಲ, ಅಚ್ಚಿಲ್ದೆ ಕೆಲ್ಸ ಆಗಲ್ಲ ಅಂದ."

ಆ ಸೀಮೆಯ ಮಾತಿನಲ್ಲಿ ಹಕಾರ ಇಲ್ಲ. ಹೋಗು ಎಂದರೆ ಓಗು, ಹಾಲು ಎಂದರೆ ಆಲು. ಅಕ್ಕ ಏನೇ ಹೇಳಿದರೂ ನಾನು ಮನಸ್ಸಿನಲ್ಲೇ ಒಂದು ಹಕಾರ ಸೇರಿಸಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಅಚ್ಚಿಲ್ಲ ಎಂದರೆ ಹಚ್ಚಿಲ್ಲ ಎಂದುಕೊಂಡೆ. ಅಕ್ಕನೂ ಹಾಗೆಯೇ ತಿಳಿದಿದ್ದಳು. ಅವಳಿಗೆ ಅಚ್ಚುವುದು ಎಂದರೆ ಎಣ್ಣೆ ಅಚ್ಚುವುದು, ಅರಿಶಿನ ಅಚ್ಚುವುದು. ಬೆಲ್ಲದ ಅಚ್ಚು ಅವಳಿಗೆ ಗೊತ್ತಿತ್ತು, ಬೆರಳಿಗೂ ಒಂದು ಅಚ್ಚಿರುತ್ತದೆಂದು ಯಾರೂ ಹೇಳಿರಲಿಲ್ಲ. ದೊಡ್ಡ ಆಫೀಸುಗಳಲ್ಲಿ ಉಗುರು ಓರಣವಾಗಿರಬೇಕು ಎಂದು ನಮ್ಮ ಕೋರ್ಸಿನ ಮೇಡಂ ಹೇಳಿದ್ದು ನನಗೆ ನೆನಪಾಯಿತು. ಇಬ್ಬರೂ ಸೇರಿ ಅರ್ಥ ಹೊಂದಿಸಿಕೊಂಡೆವು. ಡಬ್ಬಿ ಕೆಂಪು ಬೆಳಕು ತೋರಿಸಿದೆ, ಹಾಗಾದರೆ ಕೆಂಪೇ ಹಚ್ಚಬೇಕು. ಎಲ್ಲ ಬೆರಳಿಗೂ ಹಚ್ಚುತ್ತೇನೆ ಎಂದರೆ ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ ಬ್ಯಾಡ, ಅವ್ರು ಕೇಳಿದ್ದು ಎಬ್ಬೆಟ್ಗೆ ಒಂದೇ. ಎಲ್ಲಕ್ಕೂ ಅಚ್ಚುದ್ರೆ ಜನ ನಗ್ತಾರೆ."

ಜನ ನಕ್ಕರು. ಮಾರನೆಯ ದಿನ ಗೇಟಿನಲ್ಲಿ ಆ ಗುಮಾಸ್ತ ಅವಳ ಕೆಂಪು ಹೆಬ್ಬೆಟ್ಟನ್ನು ನೋಡಿ, ಏಕೆ ಹಚ್ಚಿದ್ದೀಯ ಎಂದು ಕೇಳಿ, ಅವಳು ಹೇಳಿದ್ದನ್ನು ಕೇಳಿ, ಒಳಗಿನವರನ್ನೆಲ್ಲ ಕರೆದು ತೋರಿಸಿದನಂತೆ. ಅವಳು ಆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಮನೆಗೆ ಬಂದಳು. ಹೇಳುವಾಗ ಅಳಲಿಲ್ಲ, ತಾನೂ ನಗಲು ನೋಡಿದಳು. ಆ ನಗು ನೋಡಿ ನನಗೆ ಅಳು ಬಂತು.

ಸಂಜೆ ಅಪ್ಪ ಸ್ಟಾಂಪ್ ಪ್ಯಾಡು ತಂದು ಮೆಟ್ಟಿಲಿನ ಮೇಲೆ ಕೂತರು. ತಮ್ಮ ಹೆಬ್ಬೆಟ್ಟನ್ನು ಪೇಪರಿನ ಅಂಚಿಗೆ ಒತ್ತಿದರು. ಗೆರೆಗಳು ಸುತ್ತಿ ಸುತ್ತಿ ಮೂಡಿದವು. "ಇದು ಅಚ್ಚು ಕಣಮ್ಮ. ಮಿಷನ್ನು ಇದನ್ನ ನೋಡಿ ಆಳು ಯಾರು ಅಂತ ಗುರುತು ಹಿಡೀತದೆ. ಹಚ್ಚೋದಲ್ಲ." ಅಕ್ಕ ತನ್ನದನ್ನು ಒತ್ತಿದಳು. ಬರೀ ಮಸಿಯ ಉಂಡೆ ಬಿತ್ತು. ಎಡಗೈಯದನ್ನು ಒತ್ತಿದಳು, ಅದೂ ಹಾಗೆಯೇ. ಆ ಎರಡು ಕಪ್ಪು ಉಂಡೆಗಳನ್ನೂ ಅಪ್ಪನ ಗೆರೆಗಳನ್ನೂ ನೋಡಿದಳು.

"ಓದು ಬರಾಕಿಲ್ಲ ಅಂತ ಎಲ್ಲೋದ್ರೂ ಎಬ್ಬೆಟ್ಟೇ ಒತ್ಕೊಂಡ್ ಬಂದೆ ಅಣ್ಣಾ. ಎಬ್ಬೆಟ್ಟು ಎಬ್ಬೆಟ್ಟು ಅಂತ ಬೈಸ್ಕೊಂಡೆ. ಈಗ ಅದೂ ನಂದಲ್ವಾ?"

ಅಪ್ಪ ಪ್ಯಾಡು ಮುಚ್ಚಿ ಎದ್ದರು. ಆಮೇಲೆ ವಿಚಾರಿಸಿಕೊಂಡು ಬಂದು ಹೇಳಿದರು: ಕೆಲವು ವಾರ ಸಿಮೆಂಟು ಮುಟ್ಟದಿದ್ದರೆ ಹೊಸ ಚರ್ಮ ಬಂದು ಗೆರೆ ಮೂಡುತ್ತದೆ. ದೀಪಾವಳಿಯವರೆಗೆ ಜಾಗ ಹಿಡಿದಿಡಲು ಕಂಟ್ರಾಕ್ಟರು ಒಪ್ಪಿದ್ದಾನೆ. ಅಕ್ಕ ಹಣೆ ಚಚ್ಚಿಕೊಂಡಳು. "ಸಿಮೆಂಟ್ ಬಿಡಾಕೇ ಅಲ್ವಾ ಈ ಕೆಲ್ಸ ಬೇಕು ಅಂತಿರಾದು? ಮದ್ವೆ ಆಗ್ದೆ ಉಚ್ಚು ಬಿಡಲ್ಲ, ಉಚ್ಚು ಬಿಡ್ದೆ ಮದ್ವೆ ಆಗಲ್ಲ ಅನ್ನಂಗಾಯ್ತು!"

ದಾರಿ ತೋರಿಸಿದವರು ಅವಳ ಜೊತೆಯ ಗಾರೆ ಹೆಂಗಸರು. ಅಕ್ಕನ ಪಾಲಿನ ಗಾರೆಯ ಬಾಂಡ್ಲಿಯನ್ನು ತಾವೇ ಹೊತ್ತು, ಅವಳನ್ನು ಕಟ್ಟಿದ ಗೋಡೆಗಳಿಗೆ ಪೈಪಿನಲ್ಲಿ ನೀರು ಹೊಡೆಯುವ ಕೆಲಸಕ್ಕೆ ನಿಲ್ಲಿಸಿದರು. ತಮಿಳು ಮೇಸ್ತ್ರಿ ಮಾತ್ರ ಅವಳು ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡಿದ್ದನ್ನು ನೋಡಿ "ಎನ್ನಮ್ಮಾ, ಕಲ್ಯಾಣಪ್ಪೊಣ್ಣಾ?" ಎನ್ನುತ್ತಿದ್ದನಂತೆ. ಏನಮ್ಮ, ಮದುವಣಗಿತ್ತಿಯೋ ಎಂದು. "ಊಂ, ಗಂಡು ನೋಡಾಕ್ ಬತ್ತಾವ್ರೆ ಅಂದೆ," ಎಂದಳು ಅಕ್ಕ.

ಸಂಜೆಯಾದರೆ ಅವಳ ಕೈಗಳು ನನ್ನ ಪಾಲಿಗೆ. ನಾನು ಅಷ್ಟು ಶ್ರದ್ಧೆಯಿಂದ ಪರೀಕ್ಷೆಗೂ ಓದಿರಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಒರೆಸಿ, ಒಂದು ದಿನ ಗ್ಲಿಸರಿನ್ನು ಪನ್ನೀರು, ಒಂದು ದಿನ ಕೋಲ್ಡ್ ಕ್ರೀಮು, ಇನ್ನೊಂದು ದಿನ ಹಿತ್ತಲಿನ ಲೋಳೆಸರ. ಯಾವುದು ಹಿಡಿಯುತ್ತದೆ, ಯಾವುದು ಉರಿಸುತ್ತದೆ ಎಂದು ಕೇಳಿ ಕೇಳಿ ಹಚ್ಚಿದೆ. ಅಮ್ಮ ಗೊಣಗುವುದು ಬಿಟ್ಟು ತಾನೇ ಬೆಣ್ಣೆ ತಂದುಕೊಟ್ಟಳು. "ಅಲ್ಲಮ್ಮಾ, ಇಷ್ಟ್ ಬೆಣ್ಣೇನ ಕೈಗ್ ಅಚ್ಕಂಬೋದಾ? ಮುದ್ದೆಗ್ ಇಕ್ಕುದ್ರೆ ಒಟ್ಟೆಗಾದ್ರೂ ಓಗ್ತಿತ್ತು," ಎಂದು ಅಕ್ಕ ಸಂಕಟಪಟ್ಟಳು. ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುವಳು, "ಅಚ್ಚುದ್ರೆ ಅಚ್ಚು ಬತ್ತದಾ ಪಾಪಾ?" ಅದು ನಮ್ಮಿಬ್ಬರ ತಮಾಷೆಯಾಗಿಬಿಟ್ಟಿತ್ತು. ನಾನು ಒಳಗೆ ಹೋದಾಗ ಅವಳು ಯಾರಿಗೂ ಕಾಣದ ಹಾಗೆ ತನ್ನ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಕ್ರೀಮಿನ ವಾಸನೆ ಎಳೆದುಕೊಳ್ಳುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿದ್ದೇನೆ.

ಬಿರುಕು ಕೂಡಿಕೊಳ್ಳುತ್ತಾ ಬಂತು. ಒಂದು ಸಂಜೆ ಅಮ್ಮ ಬಸ್ಸಾರು ಮಾಡಿದ್ದಳು. ಅಕ್ಕ ಹೆದರಿ ಹೆದರಿ ಮುದ್ದೆಯ ತುಂಡನ್ನು ಸಾರಿನಲ್ಲಿ ಹೊರಳಿಸಿದಳು. ಬೆರಳು ಅದ್ದಿ ಹಾಗೇ ಒಂದು ಗಳಿಗೆ ಇಟ್ಟುಕೊಂಡಳು. "ಉರೀತಿಲ್ಲ!" ಎಂದಳು. ಆವತ್ತು ಅವಳು ತಟ್ಟೆಯನ್ನು ಬೆರಳಿನಿಂದ ಬಳಿದು ಬಳಿದು ಉಂಡಳು. ಅದೇ ವಾರ ಅಪ್ಪ ಸ್ಟಾಂಪ್ ಪ್ಯಾಡು ತೆಗೆದರು. ಎಡಗೈ ಹೆಬ್ಬೆಟ್ಟಿನ ಗುರುತಿನಲ್ಲಿ ಒಂದು ಮೂಲೆಗೆ ಸಣ್ಣ ಸಣ್ಣ ಗೆರೆಗಳು ಬಿದ್ದಿದ್ದವು. ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಬಂದು ಇಣುಕಿದರು. ಇನ್ನು ಸ್ವಲ್ಪ ದಿನ, ಇನ್ನು ಸ್ವಲ್ಪವೇ ದಿನ ಎಂದು ಎಲ್ಲರೂ ಲೆಕ್ಕ ಹಾಕಿದೆವು.

ದೀಪಾವಳಿಗೆ ಮುಂಚೆ ಅಕ್ಕ ನೀರು ಹೊಡೆಯುತ್ತಿದ್ದ ಕಟ್ಟಡಕ್ಕೆ ಮೋಲ್ಡು ಬಿತ್ತು. ಮೋಲ್ಡು ಹಾಕುವುದೆಂದರೆ ತಾರಸಿಗೆ ಕಾಂಕ್ರೀಟು ಸುರಿಯುವುದು. ಶುರು ಮಾಡಿದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಹೆಂಗಸರು ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸಬೇಕು. ಒಬ್ಬಳಿಲ್ಲದಿದ್ದರೆ ಅಕ್ಕಪಕ್ಕದವರ ತೋಳು ಬಿದ್ದುಹೋಗುತ್ತದೆ. ಆ ದಿನ ಒಬ್ಬಳು ಜ್ವರ ಬಂದು ಮಲಗಿದ್ದಳಂತೆ. ಅಕ್ಕ ನಮಗೆ ಯಾರಿಗೂ ಹೇಳದೆ ಸಾಲಿಗೆ ಹೋಗಿ ನಿಂತಳು.

ಸಂಜೆ ಅವಳು ಕವರು ಬಿಚ್ಚಿದಾಗ ಒಳಗೆಲ್ಲ ಸಿಮೆಂಟಿನ ನೀರು. ಬೆರಳ ತುದಿಗಳು ನೆನೆದು ಬೆಳ್ಳಗಾಗಿ, ಮುಟ್ಟಿದರೆ ಸಿಪ್ಪೆ ಏಳುತ್ತಿದ್ದವು. ನಾನು ಬಾಯಿಗೆ ಬಂದ ಹಾಗೆ ಬೈದೆ. ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದೆ. ಅವಳು ಬೈಸಿಕೊಂಡಳು. ನಾನು ಸುಸ್ತಾದ ಮೇಲೆ ಮೆಲ್ಲಗೆ ಹೇಳಿದಳು.

"ಇಷ್ಟ್ ದಿನ ನನ್ ಬಾಂಡ್ಲಿ ಒತ್ತೋರು ಅವ್ರು ಪಾಪಾ. ಇವತ್ತು ಅವ್ರಿಗೆ ಒಂದಾಳು ಕಮ್ಮಿ. ನಾನ್ ಎಂಗೆ ಕೈ ನೋಡ್ಕಂಡ್ ಕುಂತ್ಕಳ್ಳಿ?"

ಇದ್ದ ಕ್ರೀಮನ್ನೆಲ್ಲ ಬಳಿದು ಹಚ್ಚಿದೆ. ಹಬ್ಬದ ಹಿಂದಿನ ದಿನ ಅಪ್ಪನೇ ಅವಳನ್ನು ಗೇಟಿಗೆ ಕರೆದುಕೊಂಡು ಹೋದರು. ಒಂದೊಂದೇ ಬೆರಳನ್ನು ಇಡಿಸಿದರಂತೆ. ಎಲ್ಲಕ್ಕೂ ಕೆಂಪೇ ಬಂತು. ಅಲ್ಲೇ ಕಾಯುತ್ತಿದ್ದ ಇನ್ನೊಬ್ಬ ಹೆಂಗಸನ್ನು ಒಳಗೆ ಕರೆದರು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಅಕ್ಕ ಹಬ್ಬ ಕಳೆದು ಮತ್ತೆ ಬಾಂಡ್ಲಿ ಹಿಡಿದಳು, ಕವರು ಕಟ್ಟುವುದನ್ನು ಬಿಟ್ಟಳು. ಮಜ್ಜಿಗೆಯ ಮುದ್ದೆ ಮತ್ತೆ ಶುರುವಾಯಿತು.

ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಮನೆಯ ಮುಂದಿನ ಕೋಣೆಯಲ್ಲೇ ಸಣ್ಣ ಪಾರ್ಲರು ಇಟ್ಟುಕೊಂಡೆ. ಅಕ್ಕ ಉಸಿರಿನ ತೊಂದರೆಯಾಗಿ ಕೆಲಸ ಬಿಟ್ಟು, ಕ್ಯಾಸಂಬಳ್ಳಿ ಹತ್ತಿರದ ತಂಗಿಯ ಊರಿಗೆ ಹೋಗಿಬಿಟ್ಟಳೆಂದು ಅಮ್ಮನಿಂದ ತಿಳಿಯಿತು. ಹೋಗಬೇಕು ಹೋಗಬೇಕು ಎನ್ನುತ್ತಲೇ ಕಾಲ ಕಳೆದು, ಕೊನೆಗೊಂದು ದಿನ ಕ್ಯಾಸಂಬಳ್ಳಿ ಬಸ್ಸು ಹಿಡಿದೆ.

ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಎದೆಯೊಳಗೆ ಪೀಪಿ ಊದಿದಂತೆ ಸದ್ದು. ಗುರುತು ಹಿಡಿದ ತಕ್ಷಣ "ಪಾಪಾ!" ಎಂದು ಎರಡೂ ಕೈ ಚಾಚಿದಳು. ಹಿಡಿದುಕೊಂಡೆ. ಮೆತ್ತಗಿದ್ದವು. ನಾನು ಅಷ್ಟೆಲ್ಲ ತಿಕ್ಕಿಯೂ ಎಂದೂ ಅಷ್ಟು ಮೆತ್ತಗಾಗಿರದ ಕೈಗಳು. ಅವಳು ಬಲಗೈ ಬಿಡಿಸಿಕೊಂಡು ಹೆಬ್ಬೆಟ್ಟನ್ನು ನನ್ನ ಮುಖದ ಮುಂದೆ ಹಿಡಿದಳು. ಉತ್ತ ಹೊಲದ ಸಾಲುಗಳ ಹಾಗೆ ಗೆರೆಗಳು ಒಂದೂ ತಪ್ಪದೆ ಎದ್ದಿದ್ದವು.

"ನೋಡು, ಎಂಗ್ ಬಂದೈತೆ! ಕೆಲ್ಸ ಬಿಟ್ ವರ್ಸ ಆಯ್ತಲ್ಲ, ಅದ್ಕೆ. ಈಗೇನಾರ ಕರುದ್ರೆ ಆ ಡಬ್ಬಿ ಒಂದೇ ಸಲ್ಕೆ ಒಪ್ಕಂತದೆ ಕಣ್ ಪಾಪಾ."

ನಗಲು ಹೋದಳು, ಅದು ಕೆಮ್ಮಾಗಿ ತಿರುಗಿತು. ಬಹಳ ಹೊತ್ತು ಬೆನ್ನು ಸವರಿದೆ. ನೀರು ಕುಡಿಯಲು ಲೋಟವನ್ನು ತಂಗಿಯೇ ಹಿಡಿಯಬೇಕಾಯಿತು.

ಮುಂದಿನ ಸುಗ್ಗಿಯವರೆಗೂ ಅವಳು ಉಳಿಯಲಿಲ್ಲ. ಸುದ್ದಿ ನನಗೆ ತಡವಾಗಿ ಬಂತು, ಮಣ್ಣಿಗೂ ಹೋಗಲಾಗಲಿಲ್ಲ... ನನ್ನ ಈಗಿನ ಫೋನು ಹೆಬ್ಬೆಟ್ಟು ಮುಟ್ಟಿಸಿದರೆ ತೆರೆದುಕೊಳ್ಳುತ್ತದೆ. ದಿನವಿಡೀ ಕ್ರೀಮು ತಿಕ್ಕುವ ಕೈ ನನ್ನದು, ಅದಕ್ಕೆ ಯಾವ ಅನುಮಾನವೂ ಬರುವುದಿಲ್ಲ. ಅಕ್ಕನ ಬೆರಳನ್ನೂ ಗೇಟಿನ ಆ ಡಬ್ಬಿ ಕೊನೆಗೆ ಒಪ್ಪಿಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಆ ಕೈಗೆ ಒಂದು ಪೊರಕೆ ಎತ್ತುವ ಶಕ್ತಿಯೂ ಉಳಿದಿರಲಿಲ್ಲ.