ನೀಲಿ ಬಾಣಲೆ ಸುಟ್ಟವನು

ಬಾಣಲೆ ಒಡೆದವನು ನಾನು, ಅತ್ತಿಗೆ. ಅವ್ವನ ವಸಡು ಕುಯ್ದ ಆ ಬಿಳಿ ಚೂರು ನಿಮ್ಮ ಕೈಯಿಂದ ಬಂದದ್ದಲ್ಲ. ಹಿಂದಿನ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ನಾನು ಮಾಡಿದ ಕೆಲಸದಿಂದ ಬಂದದ್ದು. ಎಲ್ಲರೆದುರು ನೀವು ನನ್ನನ್ನು ಕೇಳಿದಿರಿ. ನಾನು ಇಲ್ಲ ಎಂದೆ. ಹದಿಮೂರು ವರ್ಷವಾಯಿತು. ಆಮೇಲೆ ಇನ್ನೊಂದು ಸುಳ್ಳು ಹೇಳಿದ್ದೇನೆ. ಅದು ಇದಕ್ಕಿಂತ ಕೆಟ್ಟದ್ದು. ಅದನ್ನು ಕಡೆಗೆ ಬರೆಯುತ್ತೇನೆ—ಈಗಲೇ ಬರೆದರೆ ಉಳಿದದ್ದಕ್ಕೆ ಧೈರ್ಯ ಸಾಲುವುದಿಲ್ಲ.

ಈ ಸಂಗತಿಯನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟೂ ಅದು ನನಗೆ ಅನುಕೂಲವಾಗುತ್ತಾ ಬಂದಿದೆ. ಒಮ್ಮೆ ಹೇಳಿಕೊಂಡಾಗ ಆ ದಿನ ನನಗೆ ಜ್ವರವಿತ್ತು. ಇನ್ನೊಮ್ಮೆ ನಾನು ಏನೂ ತಿಳಿಯದ ಹುಡುಗನಾಗಿದ್ದೆ. ಜ್ವರವಿರಲಿಲ್ಲ. ನನಗೆ ಇಪ್ಪತ್ತೆರಡು ವರ್ಷ. ಹಾಗಾಗಿ ಈಗ ಕೈಗೆ, ಮೂಗಿಗೆ, ಕಿವಿಗೆ ತಾಗಿದ್ದನ್ನಷ್ಟೇ ನಂಬುತ್ತೇನೆ: ಬಾಣಲೆಯ ತೂಕ, ಮೊಟ್ಟೆಯ ವಾಸನೆ, ಬಾಣಲೆ ಬಿರಿದ ಸದ್ದು. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ಬೇರೆಯವರೂ ಓದಬೇಕಾಗಬಹುದು.

ನೀವು ಜಗಳೂರಿನಿಂದ ನ್ಯಾಮತಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಆ ಬಾಣಲೆ ನಿಮ್ಮ ಟ್ರಂಕಿನಲ್ಲಿ ಸೀರೆಗಳ ನಡುವೆ ಇತ್ತು. ನಿಮ್ಮ ಅಪ್ಪ ಬೋರ್‌ವೆಲ್ ಕೊರೆಯುವ ಕ್ಯಾಂಪಿನಲ್ಲಿ ಜೀಪು ಓಡಿಸುತ್ತಿದ್ದರು. ಅಲ್ಲಿದ್ದ ಪರದೇಶದ ಎಂಜಿನಿಯರ್ ಊರಿಗೆ ಹೊರಟಾಗ ಅವನ ಹೆಂಡತಿ ಅದನ್ನು ನಿಮಗೆ ಕೊಟ್ಟಳಂತೆ. ಚಪ್ಪಟೆ ಬಾಣಲೆ, ಒಂದೇ ಉದ್ದ ಹಿಡಿ. ಒಳಗೆ ಬೀಡುಕಬ್ಬಿಣ, ಅದರ ಮೇಲೆ ಗಾಜಿನಂಥ ಎನಾಮಲ್—ಹೊರಮೈ ನೀಲಿ, ಒಳಮೈ ಹಾಲಿನ ಕೆನೆಯ ಬಣ್ಣ. ನಮ್ಮ ಕಡೆ ಎನಾಮಲ್ ತಟ್ಟೆ, ಬಟ್ಟಲು ನೋಡಿದ್ದೆವು. ಇಷ್ಟು ಭಾರದ್ದನ್ನು ನೋಡಿರಲಿಲ್ಲ. ಭಾಷೆ ಬಾರದ ಆ ಹೆಂಗಸು ಕೈಸನ್ನೆಯಲ್ಲೇ ನಿಮಗೆ ಎಲ್ಲವನ್ನೂ ಕಲಿಸಿದ್ದಳು. ಉರಿ ಸಣ್ಣಗಿರಬೇಕು. ಬರಿದಾಗಿ ಕಾಯಿಸಬಾರದು. ಮರದ ಸೌಟನ್ನೇ ಬಳಸಬೇಕು. ಬೂದಿ, ಇಟ್ಟಿಗೆಪುಡಿ, ತೆಂಗಿನ ನಾರು ಹತ್ತಿರ ತರಬಾರದು. ಇಳಿಸಿದ ಮೇಲೆ ತಾನಾಗಿ ಆರುವ ತನಕ ನೀರು ಮುಟ್ಟಿಸಬಾರದು. ತೊಳೆದು, ಒರೆಸಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಗೂಡಿನಲ್ಲಿಡುತ್ತಿದ್ದಿರಿ.

ಅವ್ವ ನಗುತ್ತಿದ್ದಳು. "ಇದೇನೇ ನಾಗರತ್ನ, ಬಾಣ್ಲಿನೋ ಹಸುಗೂಸೋ?"

"ಹಸುಗೂಸೇ ಕಣತ್ತೆ. ಅಳಾಕೆ ಬರಲ್ಲ ಅಷ್ಟೇ."

ಅವ್ವನಿಗೆ ಮೊದಮೊದಲು ಅದರ ಮೇಲೆ ಅನುಮಾನವಿತ್ತು. ಮೊಟ್ಟೆಯ ಹೆಸರನ್ನೂ ಒಳಗೆ ಬಿಟ್ಟುಕೊಳ್ಳದ ಅಡುಗೆಮನೆ ನಮ್ಮದು. ಆ ಪರದೇಶದವರು ಅದರಲ್ಲಿ ಏನೇನು ಬೇಯಿಸಿದ್ದರೋ. "ಒಂದ್ಸಲ ಒಲೆಗೆ ಹಾಕಿ ಸುಟ್ಟುಬಿಡು, ಶುದ್ಧ ಆಗ್ತೈತೆ" ಎಂದಳು. ನಮ್ಮ ಮನೆಯ ಪದ್ಧತಿ ಅದು. ಕಬ್ಬಿಣದ ಕಾವಲಿ ಬೇರೆ ಮನೆಗೆ ಹೋಗಿ ಬಂದರೂ, ಸೂತಕ ಕಳೆದರೂ, ಅವ್ವ ಅದನ್ನು ಉರಿಯ ಮೇಲೆ ಬೋರಲು ಹಾಕಿ ಕೆಂಪಗೆ ಕಾಯಿಸಿ, ಒಂದು ಚೊಂಬು ತಣ್ಣೀರು ಸುರಿಯುತ್ತಿದ್ದಳು. ಚೊರ್ ಎಂದು ಹಬೆ ಎದ್ದರೆ ಮೈಲಿಗೆ ಹೋದಂತೆ. ನೀವು ಮಾತ್ರ ಬಾಣಲೆಯನ್ನು ಎದೆಗವಚಿಕೊಂಡು, "ಬ್ಯಾಡತ್ತೆ, ಇದನ್ನ ಸುಡಬಾರ್ದು, ಬಿರೀತೈತೆ" ಎಂದಿರಿ. ಕಡೆಗೆ ಅರಿಸಿನದ ನೀರಿಗೇ ಅವ್ವ ಒಪ್ಪಿದಳು. ಆ ವಾರ ನೀವು ಅದರಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿದಿರಿ. ಮುಚ್ಚಳ ಮುಚ್ಚಿ, ಕೆಂಡದ ಮೇಲೆ ಒಂದು ತಾಸು. ಬದನೆಕಾಯಿಯ ತೊಟ್ಟು ಕೂಡ ಬೆಣ್ಣೆಯಾಗಿತ್ತು. ಅವ್ವ ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ತಟ್ಟೆ ಚಾಚಿದಳು. ಒಪ್ಪಿದಳು ಎಂದು ಅದರ ಅರ್ಥ.

ಬಾಣಲೆಯನ್ನು ಸುಡಬಾರದು ಎಂದು ನೀವು ಹೇಳಿದಾಗ ನಾನು ಅಲ್ಲಿದ್ದೆನೇ? ಬಾಗಿಲಲ್ಲಿ ನಿಂತಿದ್ದೆ ಎಂದು ಒಮ್ಮೊಮ್ಮೆ ನೆನಪಾಗುತ್ತದೆ. ಇರಲಿಲ್ಲ ಎಂದು ಒಮ್ಮೊಮ್ಮೆ. ಇದ್ದೆ ಎಂದೇ ಇಟ್ಟುಕೊಳ್ಳುತ್ತೇನೆ. ಇರಲಿಲ್ಲ ಎನ್ನುವ ನೆನಪು ಬಹಳ ತಡವಾಗಿ ಬಂದದ್ದು.

ಎರಡು ವರ್ಷ ಕಳೆದಿತ್ತು. ಗೋವಿನಕೋವಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ನೀವೆಲ್ಲ ಬೆಳಗಿನ ಬಸ್ಸಿಗೆ ಹೋದಿರಿ. ನಾನು ಬಿ.ಎಸ್ಸಿ. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದೆ. ದಾವಣಗೆರೆಯ ಹಾಸ್ಟೆಲಿನಲ್ಲಿ ಆಮ್ಲೆಟ್ ರುಚಿ ಹತ್ತಿತ್ತು. ಎರಡು ಮೊಟ್ಟೆಯನ್ನು ಟವೆಲಿನಲ್ಲಿ ಸುತ್ತಿ ತಂದೆ. ಅವ್ವನ ಕಾವಲಿ ಮುಟ್ಟಲಿಲ್ಲ. ಬರಿಗಬ್ಬಿಣ ವಾಸನೆ ಹೀರಿಕೊಳ್ಳುತ್ತದೆ, ಮರುದಿನದ ದೋಸೆಯಲ್ಲಿ ಹೇಳಿಬಿಡುತ್ತದೆ. ನಿಮ್ಮ ಬಾಣಲೆಯ ಒಳಮೈ ನುಣುಪು, ಏನನ್ನೂ ಹೀರದು—ಅಷ್ಟು ಲೆಕ್ಕ ಹಾಕಿಯೇ ಅದನ್ನು ಗೂಡಿನಿಂದ ಇಳಿಸಿದೆ.

ಉರಿ ಜೋರಾಯಿತು. ಮೊಟ್ಟೆ ತಳ ಹಿಡಿಯಿತು. ಕಬ್ಬಿಣದ ಸೌಟಿನಿಂದ ಕೆರೆದು ತಿಂದೆ. ರುಚಿಯಾಗಿತ್ತು. ಅದನ್ನೂ ಬರೆಯಬೇಕು, ರುಚಿಯಾಗಿತ್ತು. ಆಮೇಲೆ ವಾಸನೆ ಹೋಗಲಿಲ್ಲ. ಸೀಗೆಪುಡಿ ಹಾಕಿದೆ, ಹುಣಸೆಹಣ್ಣು ಹಾಕಿದೆ, ಬೂದಿ ಹಾಕಿ ಉಜ್ಜಿದೆ. ಮೂಗಿಗೆ ಹಿಡಿದರೆ ಇನ್ನೂ ಇತ್ತು. ಬಹುಶಃ ನನ್ನ ಕೈಯಲ್ಲೇ ಇತ್ತು. ಆಗ ನನಗೆ ತೋಚಿದ್ದು ಅವ್ವನ ಶುದ್ಧಿ. ವಿಜ್ಞಾನ ಓದಿ ಬಂದವನಿಗೆ ತೋಚಿದ್ದು ಅದೇ. ಬಾಣಲೆಯನ್ನು ಬೋರಲು ಹಾಕಿ ಒಲೆಗೆ ಸೌದೆ ತುಂಬಿದೆ. ನೀಲಿ ಕಪ್ಪಾಗುವ ತನಕ ಕಾಯಿಸಿದೆ. ಇಕ್ಕಳದಿಂದ ತಿರುಗಿಸಿ ಚೊಂಬು ನೀರು ಸುರಿದೆ.

ಚೊರ್ ಎನ್ನಲಿಲ್ಲ. ಟಿಕ್ ಎಂದಿತು. ಒಂದು ಸಲ, ಆಮೇಲೆ ಬೇಗ ಬೇಗ ನಾಲ್ಕೈದು ಸಲ. ಒಳಮೈ ತುಂಬ ಕೂದಲೆಳೆಯಂಥ ಗೆರೆಗಳು. ನಡುವೆ ಉಗುರಿನಷ್ಟು ಜಾಗದಲ್ಲಿ ಎನಾಮಲ್ ಎದ್ದು ನಿಂತಿತ್ತು, ಬಿದ್ದಿರಲಿಲ್ಲ. ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿದೆ. ಮೇಲೆ ಎಣ್ಣೆ ಸವರಿದೆ. ಗೆರೆಗಳು ಮಾಯವಾದವು. ಹೊರಗಿನ ಮಸಿ ಒರೆಸಿ, ಪಂಚೆಯ ತುಂಡಿನಲ್ಲಿ ನೀವು ಸುತ್ತುತ್ತಿದ್ದ ಹಾಗೆಯೇ ಸುತ್ತಿ ಗೂಡಿಗಿಟ್ಟೆ. ಒಡೆದದ್ದು ತಪ್ಪು. ಆದರೆ ಎಣ್ಣೆ ಸವರಿದ್ದು ಮುಚ್ಚಿಡಲೆಂದೇ.

ಮರುದಿನ ಮಧ್ಯಾಹ್ನ ನೀವು ಎಣ್ಣೆಗಾಯಿ ಮಾಡಿದಿರಿ. ಅವ್ವನಿಗೆಂದೇ. ಹತ್ತು ದಿನದ ಹಿಂದೆ ನಿಮ್ಮಿಬ್ಬರಿಗೂ ಮಾತು ಬೆಳೆದಿತ್ತು: ಚನ್ನಗಿರಿಯಲ್ಲಿ ಹೊಲಿಗೆ ತರಬೇತಿಗೆ ಹೋಗುತ್ತೇನೆ ಎಂದಿರಿ, ಅವ್ವ ಬೇಡವೆಂದಳು, ಎರಡು ದಿನ ನೀವು ಅವಳೊಡನೆ ಮಾತಾಡಲಿಲ್ಲ. ಅದನ್ನು ಸರಿ ಮಾಡಿಕೊಳ್ಳಲು ಈ ಅಡುಗೆ. ಗೋವಿನಕೋವಿಯಿಂದ ನಿಮ್ಮ ಜೊತೆ ಬಂದಿದ್ದ ಸೋದರತ್ತೆ ಹಾಲಮ್ಮನೂ ಪಂಕ್ತಿಯಲ್ಲಿದ್ದಳು. ಅವ್ವ ಎರಡನೇ ತುತ್ತಿಗೆ ಮುಖ ಕಿವಿಚಿದಳು. ಅಂಗೈಗೆ ಉಗುಳಿದಳು. ರಕ್ತ, ಮಸಾಲೆ, ಅದರ ನಡುವೆ ಬಿಳಿ ಚೂರು.

"ಗಾಜು" ಎಂದಳು ಹಾಲಮ್ಮತ್ತೆ. "ಅಯ್ಯೋ ತಾಯಿ, ಗಾಜು ಹಾಕವ್ಳೆ."

ನೀವು ಒಳಗೆ ಓಡಿ ಬಾಣಲೆ ತಂದಿರಿ. ಮಸಾಲೆ ಒರೆಸಿ ತೋರಿಸಿದಿರಿ. "ಗಾಜಲ್ಲ ಅತ್ತೆ, ನೋಡ್ರಿ, ಇಲ್ಲಿಂದ ಎದ್ದೈತೆ. ಯಾರೋ ಇದನ್ನ ಸುಟ್ಟವ್ರೆ."

"ಯಾರು ಸುಡ್ತಾರೆ?" ಎಂದಳು ಅವ್ವ. "ಉಜ್ಜಬ್ಯಾಡ್ರಿ, ಸುಡಬ್ಯಾಡ್ರಿ ಅಂತ ಒಬ್ರಿಗೂ ಮುಟ್ಟಾಕೆ ಕೊಡಲ್ಲ ನೀನು. ನಿನ್ನ ಕೈ ಬಿಟ್ರೆ ಇದಕ್ಕೆ ಇನ್ಯಾರ ಕೈ ತಾಗೈತೆ?"

ನಿಮ್ಮ ಆರೈಕೆಯೇ ನಿಮ್ಮ ವಿರುದ್ಧ ಸಾಕ್ಷಿಯಾಯಿತು. ನೀವು ಎಲ್ಲರ ಹಾಗೆ ಪಾತ್ರೆ ಬಿಸಾಡುವವರಾಗಿದ್ದರೆ ಅದು ಯಾರ ತಪ್ಪೂ ಆಗುತ್ತಿರಲಿಲ್ಲ. ಬಾಣಲೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಿರಿ.

"ಶೇಖ್ರಪ್ಪ, ನಿನ್ನೆ ಮನೇಲಿ ನೀವೊಬ್ರೇ ಇದ್ರಿ. ಯಾರಾನ ಇದನ್ನ ಮುಟ್ಟಿದ್ರಾ?"

ಅವ್ವ ನನ್ನನ್ನೇ ನೋಡುತ್ತಿದ್ದಳು. ತುಟಿಯ ಮೇಲೆ ರಕ್ತ. ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು—ಏನು ಬೇಯಿಸಾಕೆ?

"ಇಲ್ಲ ಅತ್ತಿಗೆ. ನಾನು ಒಲೇನೇ ಹಚ್ಚಿಲ್ಲ."

ಅಷ್ಟೇ. ನಾನು ಕೂಗಲಿಲ್ಲ, ಅಳುಕಲಿಲ್ಲ. ದನಿ ಸಹಜವಾಗಿತ್ತು. ಅವ್ವ "ಅವನು ಸುಳ್ಳು ಹೇಳಲ್ಲ" ಎಂದಳು. ನೀವು ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಿರಿ. ನಿಮಗೆ ಆಗಲೇ ತಿಳಿಯಿತೇ? ಇಷ್ಟು ವರ್ಷ ಈ ಒಂದು ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ತಿಳಿದಿತ್ತು ಎಂದರೆ ನನ್ನ ಭಾರ ಕಡಿಮೆಯಾಗುತ್ತದೆ. ಆದ್ದರಿಂದ ತಿಳಿದಿರಲಿಲ್ಲ.

ಆ ವಾರವೇ ಅಣ್ಣ ನಿಮ್ಮನ್ನು ಹೊನ್ನಾಳಿಯ ತನಕ ಕರೆದುಕೊಂಡು ಹೋಗಿ ಜಗಳೂರಿನ ದಾರಿಯ ಬಸ್ಸು ಹತ್ತಿಸಿದ. ನಾಲ್ಕು ದಿನ ಇದ್ದು ಬರಲಿ ಎಂದು ಅವನ ಮನಸ್ಸು. ಆದರೆ ಅವ್ವ, "ಅವಳು ಮತ್ತೆ ಈ ಹೊಸಿಲು ದಾಟಿ ಒಳಗೆ ಬಂದ ದಿನ ನಾನು ಅನ್ನ ಬಿಡ್ತೀನಿ" ಎಂದಳು. ನಾಲ್ಕು ದಿನ ಎರಡು ವರ್ಷವಾಯಿತು. ಹಿರಿಯರು ಕೂತು ಮಾತಾಡಿದರು. ಅಣ್ಣನಿಗೆ ಬೇರೆ ಮದುವೆಯಾಯಿತು. ಆ ಮದುವೆಯಲ್ಲಿ ನಾನು ಬಡಿಸಿದೆ.

ಆಮೇಲೆ ಚನ್ನಗಿರಿಯಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಪ್ರತಿ ವರ್ಷ ಎಂಟನೇ ತರಗತಿಗೆ ಪಾಠ ಮಾಡುತ್ತೇನೆ: ಕಾದ ಗಾಜಿಗೆ ತಣ್ಣೀರು ತಾಗಿದರೆ ಏಕೆ ಬಿರಿಯುತ್ತದೆ. ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಪಾಠ ಚೆನ್ನಾಗಿಯೇ ಆಗುತ್ತದೆ.

ನೀವು ಜಗಳೂರಿನ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದಿರಿ ಎಂದು ಕೇಳಿದೆ. ಬಡಿಸುವ ಮುಂಚೆ ದಿನವೂ ವಾರ್ಡನ್ನರ ಎದುರು ನಿಂತು, ಪ್ರತಿ ಪಾತ್ರೆಯಿಂದ ಒಂದು ತುತ್ತು ಮೊದಲು ನೀವು ತಿನ್ನುತ್ತೀರಿ ಎಂದೂ ಕೇಳಿದೆ. ಯಾರೂ ಕೇಳದಿದ್ದರೂ. ಇತ್ತ ಅವ್ವ ಪ್ರತಿ ತುತ್ತನ್ನೂ ಬೆರಳಿನಿಂದ ಹಿಸುಕಿ ಹಿಸುಕಿ ನೋಡಿ ಬಾಯಿಗಿಡುತ್ತಿದ್ದಳು. ಇವೆರಡನ್ನೂ ಹೀಗೆ ಅಕ್ಕಪಕ್ಕ ಇಟ್ಟು ಬರೆಯಬಾರದು. ಚೆಂದವಾಗಿ ಕಾಣುತ್ತದೆ. ಚೆಂದವೇನಲ್ಲ. ಅವ್ವ ತಿನ್ನುವುದು ಅರ್ಧವಾಗಿತ್ತು.

ಹೋದ ವರ್ಷ ಅವ್ವ ತೀರಿಕೊಂಡಳು. ಹದಿಮೂರನೇ ದಿನ ಕಳೆದ ಮೇಲೆ ನಾನು ಜಗಳೂರಿಗೆ ಬಂದೆ. ಎಲ್ಲವನ್ನೂ ಹೇಳಲೆಂದೇ ಬಂದೆ—ನಂಬುತ್ತೀರೋ ಇಲ್ಲವೋ. ನಿಮ್ಮ ಅಮ್ಮ ಚಾಪೆ ಹಾಸಿದರು. ನೀವು ಟೀ ತಂದಿರಿ. ಕೂದಲು ಬೆಳ್ಳಗಾಗಿತ್ತು. ನಾನು ಬಾಯಿ ತೆರೆಯುವ ಮುಂಚೆ ನೀವೇ ಕೇಳಿದಿರಿ.

"ಅತ್ತೇರು ಕಡೀವರ್ಗೂ ಹಂಗೇ ತಿಳ್ಕಂಡಿದ್ರಾ, ಶೇಖ್ರಪ್ಪ?"

ಹೌದು ಎನ್ನಬೇಕಿತ್ತು. ಹೌದು, ಅದಕ್ಕೆ ಕಾರಣ ನಾನು ಎನ್ನಬೇಕಿತ್ತು. ನಾನು ಹೇಳಿದ್ದು ಇದು: "ಇಲ್ಲ ಅತ್ತಿಗೆ. ಕಡೇ ದಿನ ನನ್ನ ಕರೆದು, ನಾಗರತ್ನಂದು ತಪ್ಪಿಲ್ಲ, ಬಾಣ್ಲಿನೇ ಒಡೆದಿತ್ತು ಅಂದ್ಲು."

ನೀವು ಅಳಲಿಲ್ಲ. "ಅವ್ವಾ, ಕೇಳಿದ್ಯಾ?" ಎಂದು ನಿಮ್ಮ ಅಮ್ಮನನ್ನು ಕೂಗಿದಿರಿ. "ಇನ್ನೊಂದ್ಸಲ ಹೇಳ್ರಿ, ಅವ್ವ ಕೇಳ್ಲಿ." ಇನ್ನೊಂದು ಸಲವೂ ಹೇಳಿದೆ. ಎರಡನೇ ಸಲ ಹೇಳುವಾಗ ನಮ್ಮ ಅವ್ವನ ದನಿಯನ್ನೂ ಸ್ವಲ್ಪ ಅನುಕರಿಸಿದೆ. ಆ ಮಧ್ಯಾಹ್ನ ನೀವು ನನಗೆ ಊಟ ಹಾಕಿದಿರಿ. ನಗುತ್ತಾ ಬಡಿಸಿದಿರಿ.

ಅದಾದ ಮೇಲೆ ನೀವು ಹಾಸ್ಟೆಲಿನಲ್ಲಿ ಮೊದಲ ತುತ್ತು ತಿಂದು ತೋರಿಸುವುದನ್ನು ಬಿಟ್ಟಿರಂತೆ. ಅಲ್ಲಿಂದ ಬಂದ ನೆಂಟರೊಬ್ಬರು ಹೇಳಿದರು. ಅಂದಿನಿಂದ ನನಗೆ ಸರಿಯಾಗಿ ಉಣ್ಣಲು ಆಗಿಲ್ಲ. ಇದನ್ನು ಬರೆದರೆ ನಿಮ್ಮ ನೆಮ್ಮದಿಯನ್ನು ಎರಡನೇ ಸಲ ಕಸಿದುಕೊಂಡಂತೆ. ಬರೆಯದಿದ್ದರೆ ನೀವು ನೆಮ್ಮದಿಯಾಗಿರುತ್ತೀರಿ, ನಾನೂ ಒಳ್ಳೆಯ ಮೈದುನನಾಗಿ ಉಳಿಯುತ್ತೇನೆ. ಒಳ್ಳೆಯವನಾಗಿ ಉಳಿಯುವ ಆಸೆ ಅದರಲ್ಲಿ ಇರುವುದರಿಂದಲೇ, ನಿಮ್ಮ ನೆಮ್ಮದಿಗಾಗಿ ಸುಮ್ಮನಿದ್ದೇನೆ ಎನ್ನುವುದನ್ನು ನಾನು ನಂಬಲಾರೆ.

ಅವ್ವ ಹಾಗೆ ಹೇಳಲಿಲ್ಲ. ಕಡೆಯ ದಿನ ಗಂಜಿಯನ್ನೂ ಬೆರಳಿನಿಂದ ಕಲಕಿ ನೋಡಿದಳು. ನಿಮ್ಮ ಹೆಸರೆತ್ತಲಿಲ್ಲ. ಅವಳಿಗೆ ಸತ್ಯ ಹೇಳಲು ನನಗೆ ಹನ್ನೆರಡು ವರ್ಷ ಇತ್ತು.

ಹೋದ ಭಾನುವಾರ ನ್ಯಾಮತಿಗೆ ಹೋಗಿ ಇಲ್ಲಿಯವರೆಗೆ ಬರೆದದ್ದನ್ನು ಅಣ್ಣನಿಗೆ ಓದಿದೆ. ಅವನು ಕಣದ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದ. ನನ್ನ ಮೇಲೆ ಕೈ ಮಾಡಿದ್ದರೆ ಚೆನ್ನಾಗಿತ್ತು.

"ಎರಡು ಮೊಟ್ಟೆಗೇನೋ?" ಎಂದ. ಎದ್ದು ಹೊಲದ ಕಡೆ ಹೋದ. ಅವನ ಹೆಂಡತಿ ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಹಾಸ್ಟೆಲಿಗೇ ಬಂದು, ಮಕ್ಕಳು ಊಟಕ್ಕೆ ಕೂತಾಗ, ವಾರ್ಡನ್ನರೆದುರು ಹೇಳಬೇಕೆಂದುಕೊಂಡಿದ್ದೆ. ಯೋಚಿಸಿದರೆ ಅದೂ ನನ್ನ ಸಮಾಧಾನಕ್ಕೇ ಎನ್ನಿಸಿತು. ಅಲ್ಲಿಯವರಿಗೆ ನಿಮ್ಮ ಕಥೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಆದ್ದರಿಂದ ಈ ಕಾಗದವನ್ನು ನಿಮಗೊಬ್ಬರಿಗೇ ಕಳಿಸುತ್ತಿದ್ದೇನೆ. ನಿಮ್ಮ ಅಮ್ಮನಿಗೆ ಓದಿ ಹೇಳುವುದೋ ಬೇಡವೋ, ನೀವು ತೀರ್ಮಾನಿಸಿ. ಯಾರ ಮುಂದೆ ಹೇಳಬೇಕು, ಎಲ್ಲಿ ನಿಂತು ಹೇಳಬೇಕು—ಹಾಲಮ್ಮತ್ತೆ ಇನ್ನೂ ಇದ್ದಾಳೆ, ಅಂದು ಕೂತ ಹಿರಿಯರಲ್ಲಿ ಇಬ್ಬರು ಇದ್ದಾರೆ—ನೀವು ಬರೆಯಿರಿ. ಬಂದು ಹೇಳುತ್ತೇನೆ. ಯಾರಿಗೂ ಬೇಡ ಎಂದರೆ ಸುಮ್ಮನಿರುತ್ತೇನೆ. ಉತ್ತರ ಬರದಿದ್ದರೆ, ಅದನ್ನು ಕ್ಷಮೆ ಎಂದು ತಿಳಿದುಕೊಳ್ಳುವುದಿಲ್ಲ.