ಕುಂಕುಮ ಹಚ್ಚಬಾರದ ರಾಡು

ಕಾಕಾನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬಿಳಿ ಕರವಸ್ತ್ರ ಇರುತ್ತಿತ್ತು. ಅದರ ತುಂಬ ಕೆಂಪು ಕಲೆಗಳು. ಕುಷಾಯಿಗೂಡದಿಂದ ಬರುವ ಬಸ್ಸಿನಲ್ಲಿ ಪಕ್ಕ ಕೂತವರು ಅದನ್ನು ನೋಡಿ, ಪಾನ್ ಚಟದ ಮುದುಕ ಎಂದುಕೊಂಡು ಒಂದಿಷ್ಟು ಸರಿದು ಕೂರುತ್ತಿದ್ದರಂತೆ. ಪಾಪ, ಅವರಿಗೇನು ಗೊತ್ತು, ಅದು ವಿಮಾನದ ಕಾಲಿನೊಳಗೆ ತುಂಬುವ ಎಣ್ಣೆಯ ಕಲೆ ಎಂದು. ದಾಳಿಂಬೆ ರಸದಂತೆ ತಿಳಿಗೆಂಪಾದ ಎಣ್ಣೆ ಅದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಮನೆಯಲ್ಲಿ ಅವರ ಹೆಂಡತಿ ಕಾಕು ಗೊಣಗುತ್ತಿದ್ದರು. ಬಣ್ಣದ ಕರವಸ್ತ್ರ ಇಟ್ಟುಕೊಳ್ಳಿ ಎಂದರೆ ಕಾಕಾ ಒಪ್ಪುತ್ತಿರಲಿಲ್ಲ. ಬಣ್ಣದ ಬಟ್ಟೆಯ ಮೇಲೆ ಸೋರಿಕೆ ಕಾಣುವುದಿಲ್ಲ ಎಂಬುದು ಅವರ ವಾದ.

ಅವರು ನನ್ನ ಸ್ವಂತ ಕಾಕಾ ಅಲ್ಲ. ಹೈದರಾಬಾದಿನ ಅಂಚಿನಲ್ಲಿ ನಾನು ವಿಮಾನ ಹಾರಿಸಲು ಕಲಿತ ಶಾಲೆಯಲ್ಲಿ ಅವರು ದುರಸ್ತಿ ವಿಭಾಗದ ಮುಖ್ಯ ಎಂಜಿನಿಯರ್. ಅವರು ನೋಡಿ ಸಹಿ ಹಾಕದೆ ಯಾವ ವಿಮಾನವೂ ಹ್ಯಾಂಗರಿನಿಂದ ಹೊರಗೆ ಬರುವಂತಿರಲಿಲ್ಲ. ಎಲ್ಲರೂ ಅವರನ್ನು ಸಾಬ್ ಎನ್ನುತ್ತಿದ್ದರು. ಸೇರಿದ ಹೊಸದರಲ್ಲಿ ಒಂದು ದಿನ ವಿಮಾನದ ಬಾಗಿಲ ಚಿಲಕ ಸಿಕ್ಕಿಕೊಂಡು, ನಾನು ಸಿಟ್ಟಿನಿಂದ ಅದಕ್ಕೆ ನಮ್ಮ ಕಲಬುರಗಿಯ ಬೈಗುಳಗಳನ್ನೆಲ್ಲ ಒಪ್ಪಿಸುತ್ತಿದ್ದೆ. ಸುತ್ತ ಯಾರಿಗೂ ಕನ್ನಡ ಬಾರದು ಎಂಬ ಧೈರ್ಯ. ವಿಮಾನದ ಹೊಟ್ಟೆಯ ಕೆಳಗಿನಿಂದ ಧ್ವನಿ ಬಂತು. "ಅದಕ್ಕ ಯಾಕ ಬೈತಿ ಯವ್ವಾ? ಹೈದರಾಬಾದಿನಾಗ ಬೆಳದದ್ದು, ಅದಕ್ಕ ಕನ್ನಡ ತಿಳಿಯಂಗಿಲ್ಲ."

ನಾಚಿಕೆಯಿಂದ ನಾನು ನೆಲ ನೋಡಿದರೆ, ನೆಲದ ಮೇಲೇ ಗೋಣಿತಟ್ಟು ಹಾಸಿಕೊಂಡು ಮಲಗಿದ್ದರು ಅವರು. ಬೀದರ ಕಡೆಯವರು. ಅಂದಿನಿಂದ ನನಗೆ ಕಾಕಾ ಆದರು.

ಅವರು ಯಾವ ವಿಮಾನವನ್ನೂ ನಿಂತು ನೋಡಿದವರಲ್ಲ. ಬೆಳಿಗ್ಗೆ ಬಂದವರೇ ಗೋಣಿತಟ್ಟು ಹಾಸಿ ಅದರ ಮೂತಿಯ ಕೆಳಗೆ ಮಲಗುತ್ತಿದ್ದರು. ನಮ್ಮ ಪುಟ್ಟ ವಿಮಾನಗಳಿಗೆ ಮುಂದೆ ಒಂದು ಕಾಲು, ಹಿಂದೆ ಎರಡು. ಮುಂದಿನ ಕಾಲೆಂದರೆ ಒಂದು ದಪ್ಪ ಕೊಳವೆ. ಅದರೊಳಗೆ ಎಣ್ಣೆ ಮತ್ತು ಗಾಳಿ, ಅದರಿಂದ ಕೆಳಗಿಳಿದ ಒಂದು ಉಕ್ಕಿನ ರಾಡು, ಅದರ ತುದಿಗೆ ಚಕ್ರ. ವಿಮಾನ ನೆಲ ಮುಟ್ಟಿದಾಗ ರಾಡು ಕೊಳವೆಯೊಳಕ್ಕೆ ಸರಿದು ಪೆಟ್ಟನ್ನು ನುಂಗುತ್ತದೆ. ಕನ್ನಡಿಯಂತೆ ಹೊಳೆಯುವ ಆ ರಾಡನ್ನು ಕಾಕಾ ಬಿಳಿ ಕರವಸ್ತ್ರದಿಂದ ಸುತ್ತ ಒರೆಸಿ, ಬಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡುವರು. ಕಲೆ ಬಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. "ಮೂತಿ ತಗ್ಗೇತಿ ಅಂದ ಕೂಡ್ಲೇ ಗಾಳಿ ಹೊಡಿಯೂದಲ್ಲ. ಯಾಕ ತಗ್ಗೇತಿ ಅಂತ ಮೊದಲ ಕೇಳಬೇಕು" ಎಂದು ಕೈಕೆಳಗಿನವರಿಗೆ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದರು.

ಇನ್ನೊಂದು ಪದ್ಧತಿ ಇತ್ತು. ತಾವು ದುರಸ್ತಿ ಮಾಡಿದ ವಿಮಾನದ ಮೊದಲ ಹಾರಾಟದಲ್ಲಿ ತಾವೇ ಕೂರುತ್ತಿದ್ದರು. ಹಾಗೆಂದು ಹಾರುವುದೆಂದರೆ ಇಷ್ಟ ಎಂದುಕೊಳ್ಳಬೇಡಿ. ಚಕ್ರ ನೆಲ ಬಿಟ್ಟಿದ್ದೇ ತಡ, ಕಣ್ಣು ಮುಚ್ಚಿ ಎರಡೂ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುವರು. ನಾನೊಮ್ಮೆ ಕೆಣಕಿದೆ. "ಹೆದರಿಕಿ ಇದ್ರ ಯಾಕ ಬರ್ತೀರಿ ಕಾಕಾ?"

"ನಾ ಮಾಡಿದ್ದ ಅಡಿಗಿ ನಾನ ಮೊದಲ ಉಣಬೇಕಲ್ಲ" ಎಂದರು, ಕಣ್ಣು ತೆರೆಯದೆ.

ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದ ಮೇಲೆ ನಮ್ಮ ಮನೆ ಲಿಂಗಂಪಲ್ಲಿಯಲ್ಲಿ. ಮಗಳು ವಿಮಾನ ಹಾರಿಸುತ್ತಾಳೆ ಎಂಬುದನ್ನು ಅಪ್ಪ ಹೇಗೋ ಅರಗಿಸಿಕೊಂಡಿದ್ದರು, ಅವ್ವನಿಗೆ ಆಗಿರಲಿಲ್ಲ. ದಿನಾ ನನ್ನನ್ನು ಕಳಿಸುವಾಗ ಅವಳ ಮುಖ ಆಸ್ಪತ್ರೆಗೆ ಹೊರಟವಳ ಮುಖ. ಅವಳು ಹಾಕಿದ ಕರಾರು ಒಂದೇ. "ಒಮ್ಮೆ ನಿನ್ನಿಂದ ಏನರೆ ತಪ್ಪಾತು ಅಂದ್ರ ಅಲ್ಲಿಗೆ ಮುಗೀತು. ಮತ್ತ ಹೋಗ್ತೀನಿ ಅನ್ನಬಾರದು." ನಾನು ಹೂಂ ಎಂದಿದ್ದೆ. ಹೂಂ ಅನ್ನದಿದ್ದರೆ ಅವಳು ಬಿಡುತ್ತಿರಲಿಲ್ಲ.

ಆ ವರ್ಷದ ದಸರೆ ಬಂತು. ಆಯುಧ ಪೂಜೆಯ ದಿನ ನಮ್ಮ ಹ್ಯಾಂಗರಿನ ಸಡಗರ ನೋಡಬೇಕಿತ್ತು. ವಿಮಾನಗಳಿಗೆ ಮೈ ತೊಳೆದು ಚೆಂಡು ಹೂವಿನ ಮಾಲೆ, ಚಕ್ರಗಳ ಕೆಳಗೆ ನಿಂಬೆಹಣ್ಣು, ಸ್ಪ್ಯಾನರುಗಳಿಗೂ ಸಾಲಾಗಿ ಅರಿಶಿನ. ಪೂಜೆ ಕಾಕಾನದೇ. ಭಕ್ತಿ ಅವರಿಗೆ ಸ್ವಲ್ಪ ಹೆಚ್ಚೇ. ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ವಿಮಾನದ ಮೂತಿಗೆ ಹಚ್ಚಿದರು, ರೆಕ್ಕೆಗಳಿಗೆ ಹಚ್ಚಿದರು, ಆಮೇಲೆ ಕೆಳಗೆ ಬಾಗಿ, ದಿನಾ ತಾವೇ ಒರೆಸುವ ಆ ಹೊಳೆಯುವ ರಾಡಿಗೂ ಮೂರು ಬೆರಳಿಂದ ಎಳೆದರು. ಕಾಲಿಗೆ ನಮಸ್ಕಾರ ಮಾಡಿದ ಹಾಗೆ ಕಂಡಿತು ನನಗೆ.

ದೇವರ ಕುಂಕುಮವನ್ನು ಯಾರೂ ಕೈಯಾರೆ ಅಳಿಸುವುದಿಲ್ಲ, ಅದಾಗಿಯೇ ಹೋಗಬೇಕು. ಹೀಗಾಗಿ ಪೂಜೆ ಕಳೆದ ಮೇಲೂ ಕಾಕಾನ ಕರವಸ್ತ್ರ ಆ ರಾಡಿನ ಹತ್ತಿರ ಹೋಗಲಿಲ್ಲ. ಕುಂಕುಮ ಒಣಗಿ ಗಟ್ಟಿಯಾಯಿತು. ರನ್‌ವೇಯ ದೂಳು ಅದಕ್ಕೆ ಮೆತ್ತಿಕೊಂಡಿತು. ಪ್ರತಿಸಲ ವಿಮಾನ ಇಳಿದಾಗಲೂ ರಾಡು ಕೊಳವೆಯೊಳಗೆ ಹೋಗಿ ಬಂದು, ಆ ದೂಳು ರಾಡಿನ ಮೇಲೆ ಗೀರು ಎಳೆದು, ಒಳಗೆ ಎಣ್ಣೆ ತಡೆಯುವ ರಬ್ಬರ್ ಸೀಲನ್ನು ಕೊರೆಯುತ್ತಾ ಬಂತು. ಎಣ್ಣೆ ಸೋರತೊಡಗಿತು. ಎಣ್ಣೆಯೂ ಕೆಂಪು, ಕುಂಕುಮವೂ ಕೆಂಪು. ಹಾರುವ ಮುಂಚೆ ವಿಮಾನದ ಸುತ್ತ ತಿರುಗಿ ನೋಡುವುದು ನಮಗೂ ನಿಯಮವೇ. ನಾವೆಲ್ಲ ನೋಡಿದೆವು, ಕುಂಕುಮ ಹಸಿಯಾಗಿದೆ ಅಂದುಕೊಂಡೆವು, ಕೈ ಮುಗಿದು ಹತ್ತಿದೆವು.

ಒಂದು ವಿಮಾನದ ಮೂತಿ ತುಸು ತಗ್ಗಿದ್ದು ಕಾಕಾನ ಕಣ್ಣಿಗೆ ಬಿತ್ತು. ಹಬ್ಬದ ರಜೆ ಮುಗಿದು ವಿಮಾನಗಳಿಗಾಗಿ ನಾವು ಸಾಲುಗಟ್ಟಿದ್ದ ವಾರ ಅದು. ಕಾಕಾ ಯಾಕೆ ತಗ್ಗಿದೆ ಎಂದು ಕೇಳಲಿಲ್ಲ. ಕೊಳವೆಗೆ ಗಾಳಿ ಹೊಡೆದರು. ಕಾಲು ಮೊದಲಿನ ಎತ್ತರಕ್ಕೆ ನಿಂತಿತು. ಮತ್ತೆ ತಗ್ಗಿತು, ಮತ್ತೆ ಹೊಡೆದರು. ಹೊರಗಿನಿಂದ ಎಲ್ಲ ಸರಿಯಾಗಿತ್ತು. ಒಳಗೆ ಪೆಟ್ಟು, ನಡುಕ ನುಂಗುವ ಎಣ್ಣೆ ಇರಲಿಲ್ಲ.

ಅದೇ ವಾರ ಒಂದು ದಿನ ಆ ವಿಮಾನದಲ್ಲಿ ನಾನು ಒಬ್ಬಳೇ ಹಾರಿದ್ದೆ. ಇಳಿಯುವಾಗ ಹಿಂದಿನ ಎರಡು ಚಕ್ರ ಬೆಣ್ಣೆಯ ಮೇಲೆ ಇಟ್ಟ ಹಾಗೆ ಕೂತವು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೆಲ್ಲಗೆ ಮೂತಿ ಇಳಿಸಿದೆ. ಮುಂದಿನ ಚಕ್ರ ನೆಲ ಮುಟ್ಟಿತೋ ಇಲ್ಲವೋ, ಇಡೀ ವಿಮಾನ ಗಡಗಡ ನಡುಗಲು ಶುರುವಾಯಿತು. ಎದುರಿನ ಮೀಟರುಗಳ ಮುಳ್ಳುಗಳು ಒಂದೂ ಕಾಣುತ್ತಿಲ್ಲ. ಕೆಳಗೆ ಏನೋ ಮುರಿದ ಸದ್ದು. ಮೂತಿ ಧಡ್ಡನೆ ಕುಸಿದು, ಪ್ರೊಪೆಲ್ಲರ್ ನೆಲಕ್ಕೆ ಬಡಿದು ಮಡಚಿಕೊಂಡಿತು. ನಾನು ತುಟಿ ಕಚ್ಚಿಕೊಂಡದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕೆಳಗಿಳಿದು ಹುಲ್ಲಿನ ಮೇಲೆ ಕೂತೆ. ಮೊದಲು ನೆನಪಾದದ್ದು ಅವ್ವನ ಕರಾರು.

ಮುಖ್ಯ ತರಬೇತುದಾರರು ಓಡಿಬಂದರು. ಹಳೆಯ ಹೈದರಾಬಾದಿನವರು, ಕೆಟ್ಟವರಲ್ಲ, ಆದರೆ ಯಾವುದನ್ನೂ ಬೇಗ ಮುಗಿಸಿಬಿಡುವ ಸ್ವಭಾವ. ನನ್ನನ್ನೊಮ್ಮೆ, ವಿಮಾನವನ್ನೊಮ್ಮೆ ನೋಡಿ, "ಮೂತಿ ಮೊದಲು ಬಡಿಸಿದ್ದೀ. ಹೊಸಬರು ಮಾಡುವುದೇ ಇದು" ಎಂದು ಹಿಂದಿಯಲ್ಲಿ ಹೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅಷ್ಟು ಹೊತ್ತಿಗೆ ನನಗೇ ಅನುಮಾನ ಶುರುವಾಗಿತ್ತು. ಬಡಿಸಿರಬಹುದು. ಎದುರಿಗೆ ಮುರಿದು ಬಿದ್ದಿರುವಾಗ ಇಲ್ಲ ಅನ್ನುವುದು ಹೇಗೆ? ಶಾಲೆ ನನ್ನನ್ನು ಇಟ್ಟುಕೊಂಡರೂ ಅವ್ವ ಕಳಿಸುವುದಿಲ್ಲ. ಸಂಜೆ ಮನೆಗೆ ಹೋಗಿ ಹೇಗೆ ಹೇಳುವುದು ಎಂದಷ್ಟೇ ಯೋಚಿಸುತ್ತಿದ್ದೆ.

ಕಾಕಾ ನಡೆದುಕೊಂಡೇ ಬಂದರು. ಗೋಣಿತಟ್ಟು ಇಲ್ಲದೆ ಹಾಗೇ ರನ್‌ವೇ ಮೇಲೆ ಮಲಗಿ, ಮುರಿದ ಕಾಲಿನ ಕಡೆ ತೆವಳಿದರು. ಜೇಬಿನಿಂದ ಕರವಸ್ತ್ರ ತೆಗೆದು ರಾಡಿಗೆ ಒತ್ತಿದರು. ಬೆಳಕಿಗೆ ಹಿಡಿದರು. ಆಮೇಲೆ ಮೂಗಿಗೆ ಹಿಡಿದರು. ಕುಂಕುಮಕ್ಕೆ ಎಣ್ಣೆಯ ವಾಸನೆ ಇರುವುದಿಲ್ಲ. ಬಹಳ ಹೊತ್ತು ಅಲ್ಲೇ ಮಲಗಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಚಪ್ಪಲಿ ಮಾತ್ರ.

ಆ ಹೊತ್ತಿನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿ ಏನಾಗಿದೆ ಎಂದು ತಿಳಿಯಬಲ್ಲವರು ಅವರೊಬ್ಬರೇ. ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ಬಾಯಿ ತೆರೆದು ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

ಹೊರಗೆ ಬಂದು, ಮೈಗೆ ಹತ್ತಿದ ದೂಳನ್ನೂ ಕೊಡವದೆ, ತರಬೇತುದಾರರ ಮುಂದೆ ಕರವಸ್ತ್ರ ಬಿಡಿಸಿ ಹಿಡಿದರು. "ಸಾಬ್, ಲ್ಯಾಂಡಿಂಗ್ ಅಚ್ಛೀ ಥೀ. ಕಾಮ್ ಮೇರಾ ಖರಾಬ್ ಥಾ." ಹುಡುಗಿ ಸರಿಯಾಗಿಯೇ ಇಳಿಸಿದ್ದಾಳೆ, ಕೆಟ್ಟದ್ದು ನನ್ನ ಕೆಲಸ ಎಂದರು. ಕುಂಕುಮದ ಮಾತು, ಗಾಳಿಯ ಮಾತು, ಎಲ್ಲವನ್ನೂ ಹ್ಯಾಂಗರಿನ ಕೆಲಸಗಾರರ ಎದುರಿಗೇ ಹೇಳಿದರು. ತರಬೇತುದಾರರು ಅವರ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಸಾಬ್, ಯೋಚಿಸಿ ಮಾತಾಡಿ. ನಿಮ್ಮ ಸಹಿ ಹೋಗುತ್ತದೆ."

"ಹೋಗಲಿ" ಎಂದರು ಕಾಕಾ.

ಆಮೇಲೆ ನನ್ನ ಹತ್ತಿರ ಬಂದು ಹುಲ್ಲಿನ ಮೇಲೆ ಕೂತರು. "ಗಾಳಿ ಹೊಡಿಯೂದೇನ್ ದುರಸ್ತಿ ಅಲ್ಲ ಅಂತ ನಾ ನಿನ್ನ ಜೋಡಿ ಕೂಡಲಿಲ್ಲ ನೋಡು" ಎಂದರು. "ಕೂತಿರಬೇಕಾಗಿತ್ತು. ಮುರಿಯೂದಿತ್ತಂದ್ರ ನನ್ನ ಕಾಲ ಕೆಳಗ ಮುರಿಬೇಕಾಗಿತ್ತು."

ಆ ಸಂಜೆ ನನ್ನ ಜೊತೆ ಲಿಂಗಂಪಲ್ಲಿಗೆ ಬಂದರು. ಬೇಡವೆಂದರೂ ಕೇಳಲಿಲ್ಲ. ಅವ್ವನ ಮುಂದೆ ಕುರ್ಚಿಯ ಅಂಚಿನಲ್ಲಿ ಕೂತು, ಚಹಾ ಮುಟ್ಟದೆ, ನಡೆದದ್ದನ್ನು ಮೊದಲಿನಿಂದ ಹೇಳಿದರು. "ತಂಗಿ, ನಿನ್ನ ಮಗಳ ಕೈ ಭಾಳ ಚಲೋ ಐತಿ. ತಪ್ಪು ನಂದು. ಸಿಟ್ಟು ಮಾಡೂದಿದ್ರ ನನ್ನ ಮ್ಯಾಲ ಮಾಡು." ಅವ್ವ ನಿಜಕ್ಕೂ ಸಿಟ್ಟು ಮಾಡಿದಳು. ಮಗಳು ಸತ್ತಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮುಖಕ್ಕೇ ಕೇಳಿದಳು. ಕಾಕಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಸಬೂಬೂ ಹೇಳಲಿಲ್ಲ. ಕೊನೆಗೆ ಅವಳೇ ದಣಿದು, ಆರಿದ ಚಹಾ ಬಿಸಿ ಮಾಡಿ ತಂದುಕೊಟ್ಟಳು. ಮರುವಾರ ನನ್ನನ್ನು ಕಳಿಸುವಾಗ, "ಅವರು ನೋಡಿದ ವಿಮಾನ ಇದ್ರ ಅಷ್ಟ ಹತ್ತು" ಅಂದಳು. ಅಪಘಾತ ಆದದ್ದೇ ಅವರು ನೋಡಿದ ವಿಮಾನದಲ್ಲಿ ಎಂದು ನಾನು ನೆನಪಿಸಲಿಲ್ಲ. ಅವಳಿಗೆ ಅದು ಮರೆತಿರಲೂ ಇಲ್ಲ.

ಅವರ ಸಹಿ ಮಾಡುವ ಅಧಿಕಾರ ಕೆಲಕಾಲ ಹೋಯಿತು. ಬೇರೆಯವರಾದರೆ ಮನೆಯಲ್ಲಿ ಕೂರುತ್ತಿದ್ದರು. ಕಾಕಾ ಅದೇ ಬಸ್ಸಿಗೆ ದಿನಾ ಬಂದರು, ತಾವೇ ತರಬೇತಿ ಕೊಟ್ಟವರ ಕೈಕೆಳಗೆ ಕೆಲಸ ಮಾಡಿದರು, ತಮ್ಮ ಕೆಲಸವನ್ನು ಅವರು ಪರೀಕ್ಷಿಸುವಾಗ ಪಕ್ಕದಲ್ಲಿ ಕೈ ಕಟ್ಟಿ ನಿಂತರು. ಮುರಿದ ಕಾಲಿನ ರಾಡನ್ನು ಶಾಲೆಯವರಿಂದ ಕೇಳಿ ಪಡೆದು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಹೊಸದಾಗಿ ಕಲಿಯಲು ಬಂದವರಿಗೆಲ್ಲ ಅದೇ ಮೊದಲ ಪಾಠ. ಅದನ್ನು ಅವರ ಕೈಗೆ ಕೊಟ್ಟು, ಉಗುರಿಗೆ ತಾಗುವ ಗೀರನ್ನು ಹುಡುಕಲು ಹೇಳಿ, ಸಿಕ್ಕ ಮೇಲೆ, "ಇದು ನಾ ಮಾಡಿದ ಕೆಲಸ" ಅನ್ನುವರು. ನನಗೆ ಕೇಳಲಾಗುತ್ತಿರಲಿಲ್ಲ. ಸಹಿಯ ಅಧಿಕಾರ ಮರಳಿ ಬಂದ ಮೇಲೂ ಅವರು ಬಿಡದಿದ್ದಾಗ ರೇಗಿದೆ. "ಇನ್ನಾ ಎಷ್ಟ ದಿನ ಹೇಳ್ತೀರಿ ಕಾಕಾ? ಸಾಕು ಮಾಡ್ರಿ."

"ಮಂದೀ ತಪ್ಪು ಹೇಳಿದ್ರ ಹುಡುಗರು ನಗ್ತಾರವ್ವಾ" ಎಂದರು. "ನಂದು ಹೇಳಿದ್ರ ತಮ್ಮ ಕೈ ನೋಡ್ಕೋತಾರ."

ಇಷ್ಟು ದೊಡ್ಡ ಮನುಷ್ಯನ ಪಕ್ಕದಲ್ಲಿ ಕೂತು ನಾನು ದಿನಾ ಟಿಫಿನ್ ಡಬ್ಬಿ ಹಂಚಿಕೊಂಡು ತಿಂದಿದ್ದೇನೆ ಎಂಬುದೇ ಈಗ ನಂಬಲಾಗದ ಸಂಗತಿ ಅನ್ನಿಸುತ್ತದೆ. ಮುಂದಿನ ದಸರೆಗೂ ಪೂಜೆ ಅವರದೇ. ಕುಂಕುಮ ಮೂತಿಗೆ, ರೆಕ್ಕೆಗೆ ಮಾತ್ರ. ರಾಡಿನ ಹತ್ತಿರ ಬಾಗಿ ಒಗೆದ ಕರವಸ್ತ್ರದಿಂದ ನಿಧಾನವಾಗಿ ಒರೆಸಿ ಕೈ ಮುಗಿದರು. "ಇದಕ್ಕ ಇದ ಪೂಜಿ" ಎಂದರು.

ಈಗ ನಾನು ದೊಡ್ಡ ವಿಮಾನ ಹಾರಿಸುತ್ತೇನೆ. ಹತ್ತುವ ಮುಂಚೆ ಸುತ್ತ ಒಂದು ಸುತ್ತು ಬರುವಾಗ ನನ್ನ ಜೇಬಿನಲ್ಲೂ ಬಿಳಿ ಕರವಸ್ತ್ರ ಇರುತ್ತದೆ. ಜೊತೆಯ ಹುಡುಗರು ನಗುತ್ತಾರೆ, ನಗಲಿ.

ಕಾಕಾ ಹೋದ ಸುದ್ದಿ ಬಂದಾಗ ನಾನು ಬೇರೆ ಊರಿನಲ್ಲಿದ್ದೆ. ಕುಷಾಯಿಗೂಡದ ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಗೆ ಒರಗಿಸಿದ ಫೋಟೋ, ಅದಕ್ಕೆ ಮಾಲೆ, ಮುಂದೆ ದೀಪ. ಪಕ್ಕದಲ್ಲಿ ಶಾಲೆಯ ಮೇಜಿನಿಂದ ತಂದಿಟ್ಟ ಆ ರಾಡು. ನಾನು ಬಟ್ಟಲಿನಿಂದ ಕುಂಕುಮ ತೆಗೆದು ಫೋಟೋಗೆ ಹಚ್ಚಿದೆ. ಬೆರಳಲ್ಲಿ ಉಳಿದದ್ದನ್ನು ರಾಡಿಗೆ ಹಚ್ಚಲು ಕೈ ತಾನಾಗಿ ಹೋಯಿತು.

"ಅದಕ್ಕ ಬ್ಯಾಡವ್ವಾ" ಎಂದರು ಹಿಂದೆ ಕೂತಿದ್ದ ಕಾಕು. "ಅವರು ಸಿಟ್ಟಾಗ್ತಾರ."

ಕಪಾಟಿನಿಂದ ಒಗೆದು ಮಡಚಿಟ್ಟ ಕರವಸ್ತ್ರ ತಂದು ನನ್ನ ಕೈಗೆ ಕೊಟ್ಟರು. ಹಳೆಯ ಕೆಂಪು ಕಲೆಗಳು ಹಾಗೇ ಇದ್ದವು. ಬೆರಳಿನ ಕುಂಕುಮವನ್ನು ನನ್ನ ಹಣೆಗೆ ಒರೆಸಿಕೊಂಡು, ನೆಲದ ಮೇಲೆ ಕೂತು, ರಾಡನ್ನು ಸುತ್ತ ಒರೆಸಿದೆ. ಬಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಹೊಸ ಕಲೆ ಒಂದೂ ಇರಲಿಲ್ಲ. ಅದನ್ನು ಅವರಿಗೆ ಹೇಳೋಣವೆಂದರೆ ಅವರಿರಲಿಲ್ಲ, ಆಗ ಅಳು ಬಂತು.